ಸಂತಾನಾಪೇಕ್ಷೆಯೂ ಪುರುಷನ ಪರೀಕ್ಷೆಯೂ

ಕೊಡವರ ಮನೆಯಲ್ಲಿ ಗಂಡುಶಿಶು ಜನಿಸಿದಾಗ ಹರಳುಗಿಡದ ಕಡ್ಡಿಯಿಂದ ಪುಟ್ಟ ಬಿಲ್ಲೊಂದನ್ನು ಮಾಡಿ, ಅದರ ಎಲೆಯ ತೊಟ್ಟನ್ನೇ ಬಾಣವಾಗಿಸಿ, ಕೂಸಿನ ಕೈಗೆ ಮುಟ್ಟಿಸಿ, ಅಂಗಳದಲ್ಲಿ ಒಂದು ಗುಂಡು ಹಾರಿಸುವುದು ಪರಂಪರಾಗತವಾದ ಪದ್ಧತಿ. ಹತ್ತು ಮಕ್ಕಳನ್ನು ಹೆತ್ತು ಉಳಿಸಿಕೊಂಡ ತಾಯಿಗೆ ‘ಮಂಗಲ’ವೆಂಬ ಗೌರವವನ್ನು ಸಲ್ಲಿಸುವ ಆಚಾರವೂ ಹಿಂದೆ ಈ ನಾಡಿನಲ್ಲಿತ್ತು. ಸಂತಾನವನ್ನು ಇಷ್ಟು ಸಂಭ್ರಮದಿಂದ ಎದುರುಗೊಂಡ ಸಮಾಜದಲ್ಲಿ, ಮದುವೆಯಾಗಿ ಮೂರು ನಾಲ್ಕು ವರ್ಷಗಳಾದರೂ ತೊಟ್ಟಿಲು ಕಟ್ಟದ ದಂಪತಿಗಳು ಪುತ್ತರಿಯೆಂಬ ಸುಗ್ಗಿಹಬ್ಬದ ದಿನ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಬಂಧುಗಳ ನಡುವೆ ನಿಂತಾಗ, “ವಿಶೇಷ ಏನಾದರೂ ಉಂಟಾ?” ಎಂಬ ಪ್ರಶ್ನೆ, ಕೇಳುವವರ ಮನಸ್ಸಿನಲ್ಲಿ ಅಕ್ಕರೆಯಲ್ಲದೆ ಬೇರೇನೂ ಇಲ್ಲದಿದ್ದರೂ, ಅವರ ಎದೆಗೆ ನಾಟದೆ ಇರುವುದಿಲ್ಲ. ಆ ಪ್ರಶ್ನೆಯನ್ನು ಬಹುಮಟ್ಟಿಗೆ ಹೆಂಡತಿಗೇ ಕೇಳುತ್ತಾರೆಂಬುದನ್ನೂ, ಗಂಡನನ್ನು ಯಾರೂ ಕೇಳುವುದಿಲ್ಲವೆಂಬುದನ್ನೂ ಇಲ್ಲಿ ಗಮನಿಸತಕ್ಕದ್ದು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಪ್ರಪಂಚದ ವಯಸ್ಕರಲ್ಲಿ ಸರಿಸುಮಾರು ಆರು ಜನಕ್ಕೊಬ್ಬರು ಬಾಳಿನ ಯಾವುದಾದರೊಂದು ಕಾಲದಲ್ಲಿ ಮಕ್ಕಳಾಗದ ಕೊರಗನ್ನು ಅನುಭವಿಸುತ್ತಾರೆ. ಹೀಗೆ ಮಕ್ಕಳಿಗಾಗಿ ಹಂಬಲಿಸುವ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ವಿಷಯದಲ್ಲಿ ಪುರುಷನ ಕಡೆಯ ಕಾರಣವು ಒಂಟಿಯಾಗಿಯೋ ಸ್ತ್ರೀಯ ಕಾರಣದೊಡನೆ ಸೇರಿಯೋ ಇದ್ದೇ ಇರುತ್ತದೆ. ಹೀಗಿರುತ್ತಲೂ ನಮ್ಮಲ್ಲಿ ಹರಕೆ ಹೊರುವವಳು, ನಾಟಿಮದ್ದು ಕುಡಿಯುವವಳು, ಸ್ಕ್ಯಾನಿಂಗ್ ಮೇಜಿನ ಮೇಲೆ ಮತ್ತೆ ಮತ್ತೆ ಮಲಗುವವಳು ಹೆಣ್ಣೇ. ಎಲ್ಲ ಮುಗಿದ ಮೇಲೆ, ಬೇರೆ ದಾರಿಯಿಲ್ಲವೆಂದಾದಾಗ, ಗಂಡನ ಸರದಿ. ಅವನ ವೀರ್ಯಪರೀಕ್ಷೆಯೋ ಸೂಜಿಯಿಲ್ಲದ, ನೋವಿಲ್ಲದ, ಅಗ್ಗವಾದ ಪರೀಕ್ಷೆ. ಮೊದಲು ಆಗಬೇಕಾದದ್ದನ್ನು ಕಡೆಗೆ ತಳ್ಳಿ, ಹೆಣ್ಣಿನ ವಯಸ್ಸಿನ ಅಮೂಲ್ಯವಾದ ವರ್ಷಗಳನ್ನು ಕಳೆಯುವುದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ.

ವಿರಾಜಪೇಟೆಯ ಆಚೆಯ ಕಾಫಿತೋಟವೊಂದರಲ್ಲಿ ವಾಸಿಸುವ ದಂಪತಿಗಳನ್ನು ಭಾವಿಸಿಕೊಳ್ಳೋಣ. ಗಂಡ ದೃಢಕಾಯನು, ಹಾಕಿ ಆಡಿದವನು, ತೋಟದ ಕೆಲಸದಲ್ಲಿ ಹತ್ತಾಳಿಗೆ ಸಮನಾದವನು. ಇಂಥವನಲ್ಲಿ ಕೊರತೆಯೆಂತು ಬಂದೀತೆಂದು ಮನೆಯವರು ಬೆರಗಾಗುವುದು ಸಹಜ. ಆದರೆ ದಾಂಪತ್ಯದ ಸಾಮರ್ಥ್ಯ ಬೇರೆ, ವೀರ್ಯದಲ್ಲಿ ವೀರ್ಯಾಣುಗಳಿರುವುದು ಬೇರೆ. ಎರಡರಿಂದ ಏಳು ದಿನಗಳವರೆಗೆ ಸಂಯಮದಿಂದಿದ್ದು ಕೊಟ್ಟ ವೀರ್ಯವು ಒಂದು ಗಂಟೆಯೊಳಗಾಗಿ ಸೂಕ್ಷ್ಮದರ್ಶಕದ ಕೆಳಗೆ ಹೋಗಬೇಕಾದ್ದರಿಂದ, ತೋಟದ ಮನೆಯಿಂದ ಸೀಸೆಯನ್ನು ಜೀಪಿನಲ್ಲಿ ತರುವುದಕ್ಕಿಂತ ಪ್ರಯೋಗಾಲಯದಲ್ಲಿಯೇ ಕೊಡುವುದು ಲೇಸು. ಬರುವ ವರದಿ ಒಂದೇ ಹಾಳೆಯದು. ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣುಗಳು, ಅವುಗಳಲ್ಲಿ ಚಲಿಸತಕ್ಕವು ನೂರಕ್ಕೆ 42, ಸರಿಯಾದ ಆಕಾರವುಳ್ಳವು ನೂರಕ್ಕೆ ಬರಿಯ 4: ಇವು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಕೆಳ ಅಂಚುಗಳು. ನೂರಕ್ಕೆ 4 ಎಂಬುದನ್ನು ಕಂಡು ಕಂಗೆಟ್ಟವರು ಎಷ್ಟೋ ಮಂದಿ. ಅಷ್ಟಿದ್ದರೆ ಸಾಕೆಂಬುದನ್ನು ಅವರಿಗೆ ಯಾರಾದರೂ ಕೂರಿಸಿಕೊಂಡು ಹೇಳಬೇಕು. ಈ ಅಂಚಿಗಿಂತ ಕೆಳಗಿದ್ದವರೂ ತಂದೆಯರಾದದ್ದುಂಟು.

ಒಂದೇ ವರದಿಯನ್ನು ನಂಬಿ ತೀರ್ಮಾನಿಸಲಾಗದು. ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನಗಳು ಬೇಕು. ಎರಡು ತಿಂಗಳ ಹಿಂದೆ ಬಂದ ಜೋರು ಜ್ವರದ ಗುರುತು ಇಂದಿನ ಹಾಳೆಯಲ್ಲಿ ಕಾಣಬಹುದು. ಆದುದರಿಂದಲೇ ವೈದ್ಯರು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸುತ್ತಾರೆ, ಔಷಧ ಕೊಟ್ಟರೂ ಮೂರು ತಿಂಗಳು ಕಾಯಿರಿ ಎನ್ನುತ್ತಾರೆ. ಹೂಮಳೆ ಬಿದ್ದ ಮರುವಾರವೇ ಹಣ್ಣು ಕೊಯ್ಯಲು ಬುಟ್ಟಿ ಹಿಡಿದು ಹೊರಡದ ಕಾಫಿ ಬೆಳೆಗಾರನಿಗೆ ಈ ಕಾಯುವಿಕೆಯ ನ್ಯಾಯ ಬೇಗ ತಿಳಿದೀತು.

ಕಾರಣಗಳು ನಾನಾ ವಿಧ. ವೃಷಣದ ರಕ್ತನಾಳಗಳು ಉಬ್ಬಿ ಗಂಟುಗಟ್ಟುವ ವೆರಿಕೋಸೀಲ್ ಎಂಬ ದೋಷವು ಸಾಮಾನ್ಯ ಪುರುಷರಲ್ಲಿ ನೂರಕ್ಕೆ ಸುಮಾರು 15 ಮಂದಿಗೂ, ಮಕ್ಕಳಿಲ್ಲವೆಂದು ಬರುವವರಲ್ಲಿ 35ರಿಂದ 40 ಮಂದಿಗೂ ಇರುತ್ತದೆ. ತಕ್ಕವರಿಗೆ ಶಸ್ತ್ರಚಿಕಿತ್ಸೆಯಿಂದ ಗುಣ ಕಾಣುತ್ತದೆ. ಪ್ರಾಯಕ್ಕೆ ಬಂದ ಮೇಲೆ ತಗಲಿದ ಮಂಗನಬಾವು ವೃಷಣಕ್ಕಿಳಿದು ಹಾನಿ ಮಾಡಿರಬಹುದು. ಮೈಕಟ್ಟಿಗಾಗಿ ಟೆಸ್ಟೋಸ್ಟೆರೋನ್ ಚುಚ್ಚಿಸಿಕೊಳ್ಳುವ ತರುಣರಂತೂ ತಿಳಿಯದೆ ತಮ್ಮ ವೀರ್ಯಾಣುಗಳ ಉತ್ಪತ್ತಿಯನ್ನೇ ನಿಲ್ಲಿಸಿಕೊಳ್ಳುತ್ತಾರೆ. ಹೊಗೆಸೊಪ್ಪು, ಅತಿಯಾದ ಮದ್ಯ ಇವುಗಳ ವಿಷಯವನ್ನು ಮತ್ತೆ ಹೇಳಬೇಕಾಗಿಲ್ಲ.

ತೋಟಗಳ ನಾಡಿನಲ್ಲಿ ಒಂದು ವೃತ್ತಾಂತವನ್ನು ಮಾತ್ರ ಬಿಡದೆ ಹೇಳಬೇಕು. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಲೇಥ್ರಪ್ ಎಂಬಲ್ಲಿ, ಬೇರಿಗೆ ಬೀಳುವ ಜಂತುಹುಳುಗಳನ್ನು ಕೊಲ್ಲುವ ಡಿಬಿಸಿಪಿ ಎಂಬ ವಿಷವನ್ನು ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರು, ತಮ್ಮಲ್ಲಿ ಅನೇಕರಿಗೆ ಮಕ್ಕಳಾಗುತ್ತಿಲ್ಲವೆಂಬುದನ್ನು ಪರಸ್ಪರ ಮಾತಿನಲ್ಲಿಯೇ ಕಂಡುಕೊಂಡು ಪರೀಕ್ಷೆಗೆ ಒತ್ತಾಯಿಸಿದರು. ಹಲವರ ವೀರ್ಯದಲ್ಲಿ ವೀರ್ಯಾಣುಗಳೇ ಇರಲಿಲ್ಲ. ಅವರು ನಾಚಿ ಸುಮ್ಮನಿದ್ದಿದ್ದರೆ ಆ ವಿಷದ ಸ್ವರೂಪ ಇನ್ನೆಷ್ಟು ಕಾಲ ಮರೆಯಲ್ಲಿರುತ್ತಿತ್ತೋ! ಔಷಧ ಸಿಂಪಡಿಸುವವನಿಗೆ, ಅವನು ಮಾಲೀಕನಾಗಲಿ ಕೂಲಿಯವನಾಗಲಿ, ಕೈಗವಸು, ಮುಖಗವಸು ಕೊಡುವುದೂ ಕೆಲಸ ಮುಗಿದೊಡನೆ ಮೈ ತೊಳೆದು ಬಟ್ಟೆ ಬದಲಿಸಲು ಅನುಕೂಲ ಮಾಡುವುದೂ ತೋಟದ ಯಜಮಾನನ ಕರ್ತವ್ಯ.

ನಮ್ಮ ದಂಪತಿಗಳ ವರದಿಯಲ್ಲಿ ಸೊನ್ನೆಯೇ ಬಂದಿತೆನ್ನೋಣ. ಆಗಲೂ ಆಸೆ ಬಿಡಬೇಕಾಗಿಲ್ಲ. ದಾರಿ ಮುಚ್ಚಿಹೋದದ್ದೋ ಉತ್ಪತ್ತಿಯೇ ಕುಗ್ಗಿದ್ದೋ ಎಂಬುದನ್ನು ರಕ್ತದ ಹಾರ್ಮೋನು ಪರೀಕ್ಷೆಯೂ ವೈದ್ಯನ ಕೈಪರೀಕ್ಷೆಯೂ ಬಹುಮಟ್ಟಿಗೆ ತಿಳಿಸುತ್ತವೆ. ದಾರಿ ಮುಚ್ಚಿದವರ ವೃಷಣದಿಂದಲೇ ಸೂಜಿಯಿಟ್ಟು ವೀರ್ಯಾಣುಗಳನ್ನು ತೆಗೆಯುವುದುಂಟು. 1992ರಲ್ಲಿ ಬ್ರಸೆಲ್ಸಿನ ವೈದ್ಯರು, ಒಂದೇ ವೀರ್ಯಾಣುವನ್ನು ಅತಿ ಸೂಕ್ಷ್ಮವಾದ ಗಾಜಿನ ನಳಿಗೆಯಿಂದ ಅಂಡದೊಳಕ್ಕೆ ಸೇರಿಸುವ ಇಕ್ಸಿ ಎಂಬ ವಿಧಾನದಿಂದ ಗರ್ಭಧಾರಣೆ ಸಾಧಿಸಿದ ವಾರ್ತೆಯನ್ನು ಪ್ರಕಟಿಸಿದ ಮೇಲೆ, ಹಿಂದೆ ಕೈಚೆಲ್ಲಿದ್ದ ಎಷ್ಟೋ ಪುರುಷರು ತಮ್ಮದೇ ಮಕ್ಕಳ ಮುಖ ಕಂಡರು. ಆದರೆ ಇಕ್ಸಿಯಲ್ಲಿಯೂ ಫಲವು ಮುಖ್ಯವಾಗಿ ಹೆಣ್ಣಿನ ವಯಸ್ಸನ್ನು ಅವಲಂಬಿಸುತ್ತದೆ. ಕೊರತೆ ಗಂಡನದಾದರೂ ಚುಚ್ಚುಮದ್ದುಗಳ ಬಾಧೆ ಆಕೆಯದೇ. ಮೈಸೂರಿಗೋ ಮಂಗಳೂರಿಗೋ ಘಟ್ಟ ಇಳಿದು ಹತ್ತಿ ಹೋಗುವ ಆ ದಿನಗಳಲ್ಲಿ ಗಂಡನು ಜೊತೆಯಲ್ಲಿಯೇ ಇರತಕ್ಕದ್ದು. ಖಂಡಿತ ಮಗುವಾಗುತ್ತದೆಂದು ಭರವಸೆ ಕೊಡುವ ಚಿಕಿತ್ಸಾಲಯವನ್ನು ನಂಬಬಾರದು.

ವೀರ್ಯಾಣುಗಳು ಎಲ್ಲಿಯೂ ಸಿಗದಿದ್ದರೆ ದಾನಿಯ ವೀರ್ಯವೂ ದತ್ತುಸ್ವೀಕಾರವೂ ಉಳಿದಿವೆ. 2022ರ ಜನವರಿ 25ರಿಂದ ಜಾರಿಗೆ ಬಂದ ಕಾನೂನಿನಂತೆ ದಾನಿಯ ವೀರ್ಯವನ್ನು ನೋಂದಾಯಿತ ಬ್ಯಾಂಕೇ ಕೊಡಬೇಕು. ಒಬ್ಬ ದಾನಿಯದು ಒಂದೇ ದಂಪತಿಗೆ. ದಂಪತಿಗಳಿಬ್ಬರ ಲಿಖಿತ ಒಪ್ಪಿಗೆ ಬೇಕು. ಹುಟ್ಟಿದ ಮಗು ಎಲ್ಲ ಹಕ್ಕುಗಳೊಡನೆ ಅವರದೇ. ವಂಶ ಕೆಟ್ಟಿತೆಂದು ಹಿರಿಯರು ಮರುಗಬಹುದು. ಆದರೆ 1952ರಲ್ಲಿ ಪ್ರಕಟವಾದ ಎಂ. ಎನ್. ಶ್ರೀನಿವಾಸರ ಕೊಡವರ ಕುರಿತ ಗ್ರಂಥವನ್ನು ನೋಡಿದರೆ, ಒಕ್ಕವೆಂಬ ಮನೆತನವು ಅಳಿಯುವ ಸಂದರ್ಭದಲ್ಲಿ ಮಗಳ ಗಂಡನನ್ನೇ ಒಕ್ಕಕ್ಕೆ ಸೇರಿಸಿಕೊಳ್ಳುವ ಒಕ್ಕಪರಿಜೆಯೂ, ಮಗಳ ಮಕ್ಕಳನ್ನು ತಾಯಿಯ ಒಕ್ಕಕ್ಕೆ ಉಳಿಸಿಕೊಳ್ಳುವ ಮಕ್ಕಪರಿಜೆಯೂ ಇದ್ದುವೆಂಬುದು ತಿಳಿಯುತ್ತದೆ. ಮನೆಯ ದೀಪ ಮುಂದುವರಿಯಬೇಕೆಂದಾಗ ಗಂಡುಸಂತತಿಯೊಂದನ್ನೇ ನೆಚ್ಚಿ ಕೂರದಿದ್ದ ಪೂರ್ವಿಕರ ಆ ವಿವೇಕ ಇಂದಿನ ಹಿರಿಯರಿಗೂ ಇರಲೆಂದು ಹಾರೈಸುತ್ತೇನೆ.

ಮದುವೆಯಾಗಿ ಕೂಡಿ ಬಾಳಿ ಒಂದು ವರ್ಷವಾದರೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ತುಂಬಿದ್ದರೆ ಆರೇ ತಿಂಗಳಿಗೆ, ಇಬ್ಬರೂ ಒಟ್ಟಿಗೆ ವೈದ್ಯರಲ್ಲಿಗೆ ಹೋಗಿರಿ. ಆ ಮೊದಲ ಭೇಟಿಯಲ್ಲಿಯೇ ಗಂಡನ ಪರೀಕ್ಷೆಯನ್ನೂ ಬರೆಸಿಕೊಳ್ಳಿರಿ.