ಒಂದೇ ಶೀಸೆ, ಎರಡು ಪರಿಮಳ

ಮುಂಬಯಿಯ ಮಹಮ್ಮದಾಲಿ ರಸ್ತೆಯಲ್ಲಿ ಊದಿನ ಅತ್ತರು ಕೊಂಡ ನಮ್ಮ ಓದುಗ ಮಿತ್ರರೊಬ್ಬರು, ಸಂಬಳದ ದುಡ್ಡು ನೀರುಪಾಲಾಯಿತೆಂದು ಪೇಚಾಡಿದರು. ಅದೇ ಶೀಸೆಯದು ಜೊತೆಗಾರರ ಮೈಮೇಲೆ ಸಂಜೆಯವರೆಗೂ ಧೂಪದಂತೆ ಸುಳಿಯಿತು. ಇವರಲ್ಲಿ ಮಧ್ಯಾಹ್ನಕ್ಕೇ ಮಾಯ!

ಅಂಗಡಿಯವನದು ತಪ್ಪಲ್ಲ. ಅಸ್ಸಾಮಿನ ಅಗರು ಮರಕ್ಕೆ ಬೂಷ್ಟು ಹಿಡಿದಾಗ ತಿರುಳಿನಲ್ಲಿ ಕಪ್ಪು ರಾಳ ತುಂಬುತ್ತದೆ. ಆ ಕಟ್ಟಿಗೆಯಿಂದ ಭಟ್ಟಿಯಿಳಿಸಿದ ಎಣ್ಣೆಯೇ ಊದು. ಅದು ಮೆಲ್ಲಗೆ ಆವಿಯಾಗುವಂಥದು. ಆದರೂ ಜಿಡ್ಡಿನ ಚರ್ಮ ಹಿಡಿದಿಟ್ಟಷ್ಟು ಹೊತ್ತು ಒಣಚರ್ಮ ಹಿಡಿದಿಡದು. ಮೈಯ ಬಿಸಿ, ಬೆವರುಗಳೂ ವಾಸನೆಯನ್ನು ಬದಲಿಸುತ್ತವೆ. ಮೇಲಾಗಿ, ತನ್ನ ಕಂಪಿಗೆ ತನ್ನ ಮೂಗು ಬೇಗ ಒಗ್ಗಿಹೋಗುತ್ತದೆ. ಮಿತ್ರರ ಮಣಿಕಟ್ಟಿನಿಂದ ನಮಗಂತೂ ಅದು ಇನ್ನೂ ಬರುತ್ತಲೇ ಇತ್ತು!

ಕೊಳ್ಳುವ ಮುನ್ನ ಒಂದು ತೊಟ್ಟು ನಿಮ್ಮ ಕೈಗೇ ಹಚ್ಚಿಸಿಕೊಂಡು, ಒಂದೆರಡು ತಾಸು ಅಡ್ಡಾಡಿ ಬನ್ನಿ. ಮಿತ್ರರು ಈಗ ತುಸು ಕೊಬ್ಬರಿ ಎಣ್ಣೆ ಸವರಿ, ಅದರ ಮೇಲೆ ಹಚ್ಚುತ್ತಾರೆ.