ಮನೆಗಳಿಗೆ ಬ್ಯಾಟರಿಸಹಿತ ಹೈಬ್ರಿಡ್ ಸೌರ ಘಟಕ: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಪಿ.ಎಂ. ಸೂರ್ಯ ಘರ್ ಮುಫ್ತ್ ಬಿಜ್ಲಿ ಯೋಜನೆಯು 2024ರ ಫೆಬ್ರವರಿಯಲ್ಲಿ ಆರಂಭವಾಗಿದ್ದು, ದೇಶದ 1 ಕೋಟಿ ಮನೆಗಳ ಚಾವಣಿಯ ಮೇಲೆ ಸೌರ ಘಟಕ ಅಳವಡಿಸುವ ಗುರಿ ಹೊಂದಿದೆ. ಘಟಕ ಅಳವಡಿಸಿಕೊಂಡರೆ ವಿದ್ಯುತ್ ಕಡಿತವಾದಾಗಲೂ ಮನೆಯಲ್ಲಿ ದೀಪ ಉರಿಯುತ್ತದೆ ಎಂಬ ನಂಬಿಕೆ ಗ್ರಾಮಸ್ಥರಲ್ಲಿ ಸಾಮಾನ್ಯವಾಗಿದೆ. ಬ್ಯಾಟರಿ ಇಲ್ಲದ ಸಾಮಾನ್ಯ ಘಟಕದ ಮಟ್ಟಿಗೆ ಈ ನಂಬಿಕೆ ಸರಿಯಲ್ಲ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದಿರುವ ಮಲೆನಾಡಿನ ಗ್ರಾಮಗಳಲ್ಲಿ ಈ ವ್ಯತ್ಯಾಸವನ್ನು ಅರಿಯದೆ ಹಣ ಹೂಡಿದ ಕುಟುಂಬಕ್ಕೆ ನಿರಾಸೆ ಖಚಿತ. ಆದ್ದರಿಂದ ಅರ್ಜಿ ಸಲ್ಲಿಸುವ ಮೊದಲೇ ಸದಸ್ಯರು ಈ ವಿಷಯವನ್ನು ಮನವರಿಕೆ ಮಾಡಿಕೊಡುವುದು ಅಗತ್ಯ.

ಮೂರು ಬಗೆಯ ಘಟಕಗಳು

ಮೊದಲನೆಯದು ಗ್ರಿಡ್‌ಗೆ ಜೋಡಿಸಿದ ಘಟಕ. ಹಗಲು ಉತ್ಪಾದನೆಯಾದ ವಿದ್ಯುತ್ತು ಮನೆಗೆ ಬಳಕೆಯಾಗಿ, ಉಳಿದದ್ದು ಮೀಟರಿನ ಮೂಲಕ ವಿದ್ಯುತ್ ಸರಬರಾಜು ಕಂಪನಿಯ ಮಾರ್ಗಕ್ಕೆ ಹೋಗುತ್ತದೆ. ಬಿಲ್ಲು ಇಳಿಯುತ್ತದೆ, ಆದರೆ ಗ್ರಿಡ್‌ನಲ್ಲಿ ವಿದ್ಯುತ್ ನಿಂತ ಕೂಡಲೇ ಈ ಘಟಕವೂ ನಿಲ್ಲುತ್ತದೆ.

ಎರಡನೆಯದು ಗ್ರಿಡ್ ಸಂಪರ್ಕವೇ ಇಲ್ಲದ, ಬ್ಯಾಟರಿಯನ್ನು ಮಾತ್ರ ಅವಲಂಬಿಸಿದ ಘಟಕ. ಒಂಟಿ ಮನೆ, ತೋಟದ ಮನೆಗಳಿಗೆ ಇದು ಉಪಯುಕ್ತ.

ಮೂರನೆಯದು ಹೈಬ್ರಿಡ್ ಘಟಕ. ಇದರ ಇನ್ವರ್ಟರ್ ಸೌರ ಫಲಕ, ಬ್ಯಾಟರಿ ಮತ್ತು ಗ್ರಿಡ್ ಮೂರನ್ನೂ ನಿರ್ವಹಿಸುತ್ತದೆ. ಗ್ರಿಡ್‌ನಲ್ಲಿ ವಿದ್ಯುತ್ ನಿಂತಾಗ ಇದು ಮಾರ್ಗದಿಂದ ತಾನಾಗಿಯೇ ಬೇರ್ಪಟ್ಟು, ಮನೆಯಲ್ಲಿ ಪ್ರತ್ಯೇಕವಾಗಿ ವೈರಿಂಗ್ ಮಾಡಿದ ಅಗತ್ಯ ದೀಪ, ಫ್ಯಾನುಗಳಿಗೆ ಮಾತ್ರ ವಿದ್ಯುತ್ ನೀಡುತ್ತದೆ.

ಘಟಕ ತಾನಾಗಿಯೇ ನಿಲ್ಲುವುದೇಕೆ?

ಮಾರ್ಗ ದುರಸ್ತಿಗಾಗಿ ವಿದ್ಯುತ್ ನಿಲ್ಲಿಸಿದಾಗ ಪವರ್‌ಮ್ಯಾನ್ ಕಂಬ ಹತ್ತಿರುತ್ತಾರೆ. ಆ ವೇಳೆ ಯಾವುದೋ ಮನೆಯ ಸೌರ ಘಟಕದಿಂದ ವಿದ್ಯುತ್ ಹಿಮ್ಮುಖವಾಗಿ ಮಾರ್ಗಕ್ಕೆ ಹರಿದರೆ ಅವರ ಪ್ರಾಣಕ್ಕೇ ಅಪಾಯ. ಆದುದರಿಂದ ಗ್ರಿಡ್‌ಗೆ ಜೋಡಿಸುವ ಇನ್ವರ್ಟರ್ ತಕ್ಷಣ ನಿಲ್ಲಬೇಕು ಅಥವಾ ಬೇರ್ಪಡಬೇಕು. ಈ ಗುಣವನ್ನು ಪರೀಕ್ಷಿಸುವ ವಿಧಾನವನ್ನು ಐಎಸ್ 16169 ಭಾರತೀಯ ಮಾನಕದಲ್ಲಿ ನಿಗದಿಪಡಿಸಲಾಗಿದೆ. ಇನ್ವರ್ಟರ್ ಅಥವಾ ಜನರೇಟರಿನ ವಿದ್ಯುತ್ತನ್ನು ಪ್ಲಗ್ಗಿನ ಮೂಲಕ ಮನೆಯ ಬೋರ್ಡಿಗೆ ನೇರವಾಗಿ ಕೊಡುವ ರೂಢಿ ಎಲ್ಲಿಯಾದರೂ ಇದ್ದಲ್ಲಿ ಅದನ್ನು ತಡೆಯತಕ್ಕದ್ದು.

ಬ್ಯಾಟರಿಯ ಅಳತೆ: ಮೊದಲು ಲೆಕ್ಕ, ನಂತರ ಖರೀದಿ

ಒಂದು ಸಾಧಾರಣ ಮನೆಯ ರಾತ್ರಿಯ ಅಗತ್ಯವನ್ನು ಹೀಗೆ ಲೆಕ್ಕ ಹಾಕಬಹುದು:

• 9 ವ್ಯಾಟ್‌ನ 4 ಎಲ್‌ಇಡಿ ಬಲ್ಬು, 5 ಗಂಟೆ: 180 ವ್ಯಾಟ್ ಅವರ್
• 70 ವ್ಯಾಟ್‌ನ 2 ಫ್ಯಾನು, 8 ಗಂಟೆ: 1,120 ವ್ಯಾಟ್ ಅವರ್
• 80 ವ್ಯಾಟ್‌ನ ಟಿ.ವಿ., 3 ಗಂಟೆ: 240 ವ್ಯಾಟ್ ಅವರ್
• ಮೊಬೈಲ್ ಚಾರ್ಜಿಂಗ್ ಮುಂತಾದವು: 60 ವ್ಯಾಟ್ ಅವರ್

ಒಟ್ಟು 1,600 ವ್ಯಾಟ್ ಅವರ್, ಅಂದರೆ 1.6 ಯೂನಿಟ್. ಇನ್ವರ್ಟರಿನಲ್ಲಿ ಆಗುವ ನಷ್ಟ ಸೇರಿಸಿದರೆ ಸುಮಾರು 1.8 ಯೂನಿಟ್.

12 ವೋಲ್ಟ್, 150 ಎಎಚ್ ಸಾಮರ್ಥ್ಯದ ಒಂದು ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ 1.8 ಯೂನಿಟ್ ಸಂಗ್ರಹವಾಗುತ್ತದೆ. ಆದರೆ ಅದು ದೀರ್ಘಕಾಲ ಬಾಳಬೇಕಾದರೆ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಆದ್ದರಿಂದ ಮೇಲಿನ ಮನೆಗೆ ಇಂತಹ 2 ಬ್ಯಾಟರಿಗಳು ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಸುಮಾರು ಶೇ. 80ರಷ್ಟನ್ನು ಬಳಸಬಹುದಾದ್ದರಿಂದ 2.5 ಯೂನಿಟ್ ಸಾಮರ್ಥ್ಯದ್ದು ಸಾಕು. ಇದರ ಖರೀದಿ ಬೆಲೆ ಹೆಚ್ಚು. ಆದರೆ ಬಾಳಿಕೆಯೂ ಹೆಚ್ಚು, ಡಿಸ್ಟಿಲ್ಡ್ ವಾಟರ್ ಹಾಕುವ ಅಗತ್ಯವೂ ಇಲ್ಲ.

ಹಳೆಯ ಫ್ಯಾನುಗಳ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನು ಹಾಕಿದಲ್ಲಿ ಮೇಲಿನ 1.6 ಯೂನಿಟ್ ಅಗತ್ಯ ಸುಮಾರು 1 ಯೂನಿಟ್‌ಗೆ ಇಳಿಯುತ್ತದೆ. ದೊಡ್ಡ ಬ್ಯಾಟರಿ ಕೊಳ್ಳುವುದಕ್ಕಿಂತ ಇದು ಜಾಣತನ. ಗೀಸರ್, ಇಸ್ತ್ರಿಪೆಟ್ಟಿಗೆ ಮತ್ತು ನೀರಿನ ಪಂಪನ್ನು ಬ್ಯಾಟರಿಯ ಸಾಲಿಗೆ ಸೇರಿಸಬಾರದು. ಪಂಪು ಚಾಲೂ ಆಗುವಾಗ ತನ್ನ ನಿಗದಿತ ಪ್ರಮಾಣದ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ.

ಮಳೆಗಾಲದ ಮಿತಿ

1 ಕಿಲೋವ್ಯಾಟ್ ಫಲಕಕ್ಕೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ದೊರೆಯುತ್ತದೆ. ಆದರೆ ಮೋಡ ಕವಿದ ಆಷಾಢ, ಶ್ರಾವಣದಲ್ಲಿ ಇದು ಬಹಳಷ್ಟು ಕುಸಿಯುತ್ತದೆ. ಅಂದರೆ ಹೊಸನಗರ, ತೀರ್ಥಹಳ್ಳಿ, ಸಾಗರದಂತಹ ತಾಲ್ಲೂಕುಗಳಲ್ಲಿ ಬ್ಯಾಟರಿ ಅತ್ಯಗತ್ಯವಾಗುವ ದಿನಗಳಲ್ಲಿಯೇ ಬಿಸಿಲು ಕಡಿಮೆ. ವಿದ್ಯುತ್ ಬಂದಾಗ ಗ್ರಿಡ್‌ನಿಂದಲೂ ಬ್ಯಾಟರಿ ತುಂಬಿಸಿಕೊಳ್ಳುವ ಹೈಬ್ರಿಡ್ ಇನ್ವರ್ಟರ್ ಇಲ್ಲಿ ಉಪಯುಕ್ತ. ಅಡಿಕೆ ತೋಟದ ನೆರಳು ಬೀಳುವ ಮನೆಗಳಲ್ಲಿ ಮತ್ತು ಹಳೆಯ ಹಂಚಿನ ಮಾಡಿನ ಮನೆಗಳಲ್ಲಿ ಸ್ಥಳ ಪರಿಶೀಲನೆ ಇಲ್ಲದೆ ಮುಂದುವರಿಯಬಾರದು.

ಸಹಾಯಧನ

ಯೋಜನೆಯಡಿ 1 ಕಿಲೋವ್ಯಾಟ್‌ಗೆ 30,000 ರೂ., 2 ಕಿಲೋವ್ಯಾಟ್‌ಗೆ 60,000 ರೂ., 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಸಾಮರ್ಥ್ಯಕ್ಕೆ 78,000 ರೂ. ಸಹಾಯಧನವು ಫಲಾನುಭವಿಯ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅರ್ಜಿಯನ್ನು ರಾಷ್ಟ್ರೀಯ ಪೋರ್ಟಲ್ ಮೂಲಕವೇ ಸಲ್ಲಿಸಿ, ನೋಂದಾಯಿತ ಮಾರಾಟಗಾರರಿಂದಲೇ ದೇಶೀಯವಾಗಿ ತಯಾರಾದ ಫಲಕಗಳನ್ನು ಅಳವಡಿಸಿಕೊಳ್ಳಬೇಕು. ಬ್ಯಾಟರಿಗೆ ಈ ಯೋಜನೆಯಲ್ಲಿ ಪ್ರತ್ಯೇಕ ಸಹಾಯಧನ ಇರುವುದಿಲ್ಲ. ಆ ವೆಚ್ಚವನ್ನು ಕುಟುಂಬವೇ ಭರಿಸಬೇಕು. ಬ್ಯಾಟರಿಗೂ ಸಹಾಯಧನ ಕೊಡಿಸುವುದಾಗಿ ಯಾರಾದರೂ ಹೇಳಿ ಮುಂಗಡ ಕೇಳಿದಲ್ಲಿ ಎಚ್ಚರ ವಹಿಸಬೇಕು.

ಗೃಹಜ್ಯೋತಿ ಯೋಜನೆಯಡಿ ಈಗಾಗಲೇ ಶೂನ್ಯ ಬಿಲ್ಲು ಪಡೆಯುತ್ತಿರುವ ಕುಟುಂಬಕ್ಕೆ ಸೌರ ಘಟಕದಿಂದ ಬಿಲ್ಲಿನ ಉಳಿತಾಯ ಆಗುವುದಿಲ್ಲ. ಇಂತಹ ಮನೆಗೆ ಕಡಿತದ ವೇಳೆಯ ದೀಪ, ಫ್ಯಾನು ಮಾತ್ರ ಬೇಕಿದ್ದರೆ ಒಂದು ಸಾಧಾರಣ ಇನ್ವರ್ಟರ್ ಮತ್ತು ಬ್ಯಾಟರಿಯೇ ಸಾಕಾಗಬಹುದು. ಸಾಲ ಮಾಡಿ ಹೈಬ್ರಿಡ್ ಘಟಕ ಹಾಕಿಸುವ ಮುನ್ನ ಈ ಸತ್ಯವನ್ನು ಕುಟುಂಬಕ್ಕೆ ತಿಳಿಸುವುದು ಸದಸ್ಯರ ಕರ್ತವ್ಯ. ಪ್ರತಿ ಸ್ಥಾಪನೆಗೆ ಸ್ಥಳೀಯ ಸಂಸ್ಥೆಗೆ 1,000 ರೂ. ಪ್ರೋತ್ಸಾಹಧನ ನೀಡಲು ಯೋಜನೆಯಲ್ಲಿ ಅವಕಾಶವಿದೆ. ಆದರೂ ಸಂಖ್ಯೆ ಹೆಚ್ಚಿಸುವುದೊಂದೇ ಗುರಿಯಾಗಬಾರದು.

ಗ್ರಾಮ ಸಭೆಯಲ್ಲಿ ತಿಳಿಸಬೇಕಾದ ಅಂಶಗಳು

1. ಬಿಲ್ಲು ಇಳಿಸಬೇಕೋ, ಕಡಿತದ ವೇಳೆ ವಿದ್ಯುತ್ ಬೇಕೋ ಎಂಬುದನ್ನು ಕುಟುಂಬವು ಮೊದಲು ನಿರ್ಧರಿಸಬೇಕು.
2. ದರಪಟ್ಟಿಯಲ್ಲಿ ಫಲಕ, ಇನ್ವರ್ಟರ್, ಬ್ಯಾಟರಿಯ ಬೆಲೆ ಮತ್ತು ವಾರಂಟಿಯನ್ನು ಬೇರೆ ಬೇರೆಯಾಗಿ ಬರೆಯಿಸಿಕೊಳ್ಳಬೇಕು.
3. ಗ್ರಿಡ್‌ಗೆ ಜೋಡಿಸುವ ಹೈಬ್ರಿಡ್ ಘಟಕಕ್ಕೂ ಮೆಸ್ಕಾಂ ಅನುಮೋದನೆ ಪಡೆಯಬೇಕು.
4. ಅರ್ತಿಂಗ್ ಮತ್ತು ಸಿಡಿಲು ನಿರೋಧಕವನ್ನು ಕಡ್ಡಾಯವಾಗಿ ಅಳವಡಿಸಿಕೊಳ್ಳಬೇಕು.
5. ಲೆಡ್ ಆ್ಯಸಿಡ್ ಬ್ಯಾಟರಿಯಿಂದ ಹೊರಡುವ ಅನಿಲ ಬೆಂಕಿ ಹಿಡಿಯುವಂತಹದ್ದು. ಆದ್ದರಿಂದ ಅದನ್ನು ಗಾಳಿಯಾಡುವ ಜಾಗದಲ್ಲಿ, ಒಲೆ ಮತ್ತು ದೇವರ ದೀಪದಿಂದ ದೂರ ಇಡಬೇಕು.
6. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ ಮಾರಾಟಗಾರರಿಗೆ ಹಿಂದಿರುಗಿಸಬೇಕು. ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳು, 2022ರಂತೆ ಬಳಸಿದ ಬ್ಯಾಟರಿಗಳ ಮರುಸಂಗ್ರಹಣೆಯ ಹೊಣೆ ಉತ್ಪಾದಕರದ್ದಾಗಿದೆ. ಸೀಸ ಮತ್ತು ಆಮ್ಲ ಬಾವಿ, ಕೆರೆಗಳನ್ನು ಸೇರದಂತೆ ನೋಡಿಕೊಳ್ಳುವುದು ಗ್ರಾಮದ ಆರೋಗ್ಯದ ಪ್ರಶ್ನೆ.