ಬೆಂಕಿಗೆ ಸಿಕ್ಕದ ಓಲೆಗಳು

1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದಿತು. ವಿಕ್ಟೋರಿಯಾ ರಾಣಿಯ ಕಾಲದ ಸಾಹಿತಿಗಳ ಹಸ್ತಲಿಖಿತ ಪತ್ರಗಳು ಹೇರಳವಾಗಿ ದೊರೆಯುವುದಕ್ಕೆ ಅದೂ ಒಂದು ಕಾರಣ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು 1860ರಲ್ಲಿ, ಖಾಸಗಿ ಮಾತು ಲೋಕದ ಬಾಯಿಗೆ ಬಿದ್ದೀತೆಂಬ ಅಳುಕಿನಿಂದ, ತನಗೆ ಬಂದಿದ್ದ ಇಪ್ಪತ್ತು ವರ್ಷಗಳ ಪತ್ರರಾಶಿಯನ್ನು ಗ್ಯಾಡ್ಸ್ ಹಿಲ್ ಮನೆಯ ಹಿಂದಣ ಬಯಲಿನಲ್ಲಿ ಸುಟ್ಟನು. ಆದರೆ ಅವನು ಬರೆದ ಪತ್ರಗಳು ಪಡೆದವರ ಕೈಯಲ್ಲಿದ್ದವು. ಅವರು ಕಾಪಾಡಿದರು, ಸಂಗ್ರಾಹಕರು ಅರಸಿ ಕೂಡಿಹಾಕಿದರು. ಅದರ ಫಲವಾಗಿ 14,000ಕ್ಕೂ ಮಿಕ್ಕ ಪತ್ರಗಳು 1965ರಿಂದ 2002ರ ಅವಧಿಯಲ್ಲಿ 12 ಸಂಪುಟಗಳಾಗಿ ಪ್ರಕಟವಾದವು.

ಸಹಿಯೊಂದಕ್ಕಾಗಿ ಪತ್ರವನ್ನು ಕತ್ತರಿಸಿಕೊಂಡವರೂ ಆಗ ಇದ್ದರು. ನಿಜವಾದ ಸಂಗ್ರಾಹಕನು ಲಕೋಟೆಯನ್ನೂ ಬಿಸುಡನು. ತಾರೀಖಿಲ್ಲದ ಪತ್ರದ ಕಾಲವನ್ನು ಅದರ ಮೇಲಣ ಅಂಚೆಮುದ್ರೆಯೇ ನುಡಿಯುತ್ತದೆ. ಸುಟ್ಟುದು ಮರಳಿ ಬಾರದು. ಉಳಿದುದನ್ನು ಕಾಯುವುದು ಮುಂದಿನವರ ಹೊಣೆ.